ಹಗ್ಗ ಕಾಯುವ ಕೆಲಸ

ಗುರುವಾರ, ಮೇ 14. ಬೆಳಗ್ಗೆ 5.40

ಆಯಿಲ್ ಸರಿ ಇದೆ. ಡೀಸೆಲ್ ಫುಲ್. ಬೆಲ್ಟ್ ಕಿರುಚುತ್ತೆ, ಕಿರುಚಲಿ. ಎಲ್ಲ ಬರೆದಿಡು ಅಂತ ಮಾವನ ಆರ್ಡರ್. ಈ ಪುಸ್ತಕದ ಮುಂದಿನ ಹಾಳೆ ಅವನಿಗೆ, ಹಿಂದಿನದು ನನಗೆ. ತಿರುಗಿಸಿ ನೋಡುವ ಪೈಕಿ ಅಲ್ಲ ಅವನು.

ಮೊದಲ ಸಲ ಬೋಟು ನನ್ನ ಕೈಗೆ ಬಂದಿದೆ. ಕೆಟ್ಟ ಎಂಜಿನ್ ಒಂದನ್ನು ಸಿಟಿಯ ವರ್ಕ್‌ಶಾಪಿಗೆ ಕೊಟ್ಟು, ಸೋಮವಾರ ವಾಪಸ್ ತರಬೇಕು. ಮಾವ ನೂರು ಸಲ ಹೇಳಿದ— "ಅಲ್ಲಿ ಜೆಟ್ಟಿ ಗೋಡೆ ಎರಡಾಳು ಎತ್ತರ. ನೀರು ಇಳಿದ ಹಾಗೆ ಹಗ್ಗ ಬಿಡ್ತಾ ಇರ್ಬೇಕು. ಇಲ್ಲಾಂದ್ರೆ ಬೋಟು ಗೋಡೆಗೆ ನೇತಾಡುತ್ತೆ. ಒಬ್ಬರಾದ್ರೂ ಹಗ್ಗದ ಹತ್ರ ಇರ್ಲೇಬೇಕು. ಕೇಳಿಸ್ತೇನೋ ಮುಂಗೋಪಿ?"

ಕೇಳಿಸ್ತು. ನಾನೇನು ಕಿವುಡನಾ?

ಜೊತೆಗೆ ಪಂಡಿತ, ಡುಮ್ಮ. ಒಬ್ಬ ಕಾಲೇಜು, ಇನ್ನೊಬ್ಬ ಬೇಕರಿ. ಇಬ್ಬರಿಗೂ ಸಿಟಿ ನೋಡುವ ಹುಚ್ಚು. ನನಗೂ ಅದೇ ಅಂತ ಹೇಳಿಟ್ಟಿದ್ದೇನೆ.

ಅಮ್ಮ ಬಾಗಿಲಲ್ಲಿ ನಿಂತು, "ಭಾನುವಾರ ಎರಡರಿಂದ ಐದು ಅವಳಿಗೆ ಬಿಡುವು. ನೀನು ಬರ್ತೀಯ ಅಂತ ಹೇಳಿಬಿಟ್ಟಿದ್ದೀನಿ. ಮುಖ ಗಂಟು ಹಾಕ್ಕೊಂಡು ಹೋಗ್ಬೇಡ," ಅಂದಳು.

ಅವಳು ಅಂದರೆ ಅಕ್ಕ. ನೋಡಿ ಎರಡು ವರ್ಷ ಆಯ್ತು.

ಗುರುವಾರವೇ. ಸಂಜೆ 7.30

ದೂರದಿಂದ ಮೋಡ ಅಂದುಕೊಂಡೆ. ಹತ್ತಿರ ಬಂದರೆ ಕಟ್ಟಡ. ಪೆಟ್ಟಿಗೆ ಮೇಲೆ ಪೆಟ್ಟಿಗೆ ಪೇರಿಸಿದ ಹಾಗೆ. ಸೇತುವೆ ಕೆಳಗೆ ನುಗ್ಗುವಾಗ ತಲೆ ಮೇಲೆ ರೈಲು ಹೋಯ್ತು. ಡುಮ್ಮ ತೆರೆದ ಬಾಯಿ ಮುಚ್ಚಲೇ ಇಲ್ಲ. ಒಳಗೆ ಬೋಟು ನಿಲ್ಲಿಸಬಹುದಿತ್ತು. ಪಂಡಿತ ಮೊಬೈಲ್ ನೋಡಿಕೊಂಡು ಯಾವ ಕಟ್ಟಡ ಎಷ್ಟು ಮಹಡಿ ಅಂತ ಪಾಠ. ಪಾಠ ಬೇಡ ಅಂತಲೇ ನಾನು ಸ್ಕೂಲು ಬಿಟ್ಟಿದ್ದು ಮಾರಾಯ.

ವರ್ಕ್‌ಶಾಪಿನವರು ಬಂದು ಎಂಜಿನ್ ಹೊತ್ತೊಯ್ದರು. ಅವರ ಬೆನ್ನಿಗೇ ಇವರಿಬ್ಬರೂ ಎದ್ದರು. "ಒಂದೇ ಒಂದು ರೌಂಡ್ ಕಣೋ, ಈಗ ಬಂದ್ವಿ."

ಆ ರೌಂಡ್ ಮುಗಿದಿದ್ದು ಏಳು ಗಂಟೆಗೆ. ನಾನು ಅಲ್ಲಿವರೆಗೂ ಗೋಡೆ ನೋಡಿದೆ. ಪಾಚಿ, ಚಿಪ್ಪು, ಒಂದು ಹಳೇ ಚಪ್ಪಲಿ. ಇದು ನನ್ನ ಸಿಟಿ.

ಶುಕ್ರವಾರ, 15

ಬೆಳಗ್ಗೆ ಇಬ್ಬರಿಗೂ ಹಗ್ಗ ಕಲಿಸಿದೆ. ಮುಂದಿನದು ಮೊದಲು, ಆಮೇಲೆ ಹಿಂದಿನದು. ಅರ್ಧ ಗಂಟೆಗೊಮ್ಮೆ ಒಂದು ಗೇಣು. ಡುಮ್ಮ ಬೇಗ ಕಲಿತ. ಪಂಡಿತ ನೋಟ್ಸ್ ಬರೆದುಕೊಂಡ, ಗಂಟು ಮಾತ್ರ ಬರಲಿಲ್ಲ.

ಮತ್ತೆ ಹೋದರು. ಮತ್ತೆ ಸಂಜೆಗೆ ಬಂದರು. ಓಡುವ ಮೆಟ್ಟಿಲು ಹತ್ತಿದರಂತೆ, ಮೂರು ಸಲ. ಮೂರನೇ ಸಲ ಡುಮ್ಮ ಕೆಳಗೆ ಹೋಗುವ ಮೆಟ್ಟಿಲಲ್ಲಿ ಮೇಲೆ ಹತ್ತಲು ಹೋಗಿ ಒಬ್ಬ ಹೆಂಗಸಿನ ಚೀಲದ ಮೇಲೆ ಕೂತನಂತೆ.

"ನೀನೂ ಇರ್ಬೇಕಿತ್ತು ಕಣೋ!" ಅಂತ ಹೊಟ್ಟೆ ಹಿಡಿದುಕೊಂಡು ನಗು.

ಇರ್ಬೇಕಿತ್ತಂತೆ. ಹಗ್ಗ ಇವನ ತಾತ ಬಂದು ಬಿಡ್ತಿದ್ನಾ?

ಶನಿವಾರ, 16

ಉಬ್ಬರ ತುಂಬಿದಾಗ ನೀರು ಸ್ವಲ್ಪ ಹೊತ್ತು ಎತ್ತಲೂ ಹೋಗಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ನಲವತ್ತು ನಿಮಿಷ ಸಿಗುತ್ತೆ ಅಂತ ಲೆಕ್ಕ ಹಾಕಿ ಮೂವರೂ ಓಡಿದೆವು.

ಓಡಿದ್ದೇ. ನೋಡಿದ್ದು ಅಂತ ಹೇಳೋಕಾಗಲ್ಲ. ಗಡಿಯಾರದ ಗೋಪುರ. ಗಾಜಿನ ಅಂಗಡಿಗಳು. ಹಕ್ಕಿ ಮಾರುವ ಬೀದಿ, ಅಲ್ಲಿ ಡುಮ್ಮನಿಗೆ ಒಂದು ಗಿಣಿ ಸೀಟಿ ಹೊಡೆಯಿತು. ಇವನೂ ಹೊಡೆದ. ಅದು ಮತ್ತೆ ಹೊಡೆಯಿತು. ಹತ್ತು ನಿಮಿಷ ಅಲ್ಲೇ ಹಾಳು. ಆದರೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಬರುವಾಗ ದೊಡ್ಡ ಆಸ್ಪತ್ರೆ. ಪಂಡಿತ ಬೋರ್ಡು ಓದುವ ಮೊದಲೇ ಓದಿದೆ. ಹಿಂದುಗಡೆ ಬಟ್ಟೆ ಒಗೆಯುವ ಶೆಡ್ಡು, ಕಿಟಕಿಯಿಂದ ಹಬೆ. ಅಕ್ಕ ಕೆಲಸ ಮಾಡುವುದು ಅಲ್ಲೇ. ಕಾಲು ನಿಂತುಬಿಟ್ಟವು.

"ಯಾರಿಗೆ ಹುಷಾರಿಲ್ವೋ?" ಪಂಡಿತ ಕೇಳಿದ.

"ನಿನ್ನ ತಲೆಗೆ."

ನನ್ನನ್ನು ಓದಿಸೋಕೆ ಅಂತ ಅವಳು ಈ ಕೆಲಸಕ್ಕೆ ಸೇರಿದ್ದು. ನಾನು ಕೇಳಿದ್ನಾ? ನಾಲ್ಕೇ ತಿಂಗಳಿಗೆ ಸ್ಕೂಲು ಬಿಟ್ಟೆ, ಬೋಟಿಗೆ ಸೇರಿದೆ. ಅವಳು ಸುದ್ದಿ ಕೇಳಿ ಓಡಿ ಬಂದಳು. ಎಲ್ಲರ ಮುಂದೆ ಕೆನ್ನೆಗೆ ಒಂದು ಬಾರಿಸಿದಳು. "ಇನ್ನು ಈ ಮನೆಗೆ ಕಾಲಿಡಬೇಡ" ಅಂದುಬಿಟ್ಟೆ. ಇಟ್ಟಿಲ್ಲ. ಹಟದಲ್ಲಿ ನನ್ನದೇ ಅಚ್ಚು.

ರಾತ್ರಿ ಊಟ ಮಾಡುವಾಗ ಹೇಳಿದೆ, "ನಾಳೆ ಒಂದೂವರೆಗೆ ಇಬ್ಬರಲ್ಲಿ ಒಬ್ಬರು ಇಲ್ಲಿರ್ಬೇಕು. ನಾನು ಹೋಗ್ಬೇಕು."

"ಎಲ್ಲಿಗೋ?"

"ಸುತ್ತಾಡೋಕೆ. ನೀವು ಮಾತ್ರ ಸುತ್ತಬೇಕಾ?"

"ಆಯ್ತು ದೊರೆ, ಬಂದಿರ್ತೀವಿ," ಅಂದ ಡುಮ್ಮ.

ಭಾನುವಾರ, 17. ಮಧ್ಯಾಹ್ನ 1.30

ಸ್ನಾನ ಆಯ್ತು. ಇಸ್ತ್ರಿ ಶರ್ಟು. ಅವರಿಲ್ಲ.

2.10

ಫೋನ್ ಎತ್ತುತ್ತಿಲ್ಲ. ನೀರು ಇಳಿಯೋಕೆ ಶುರು.

3.00

ಶರ್ಟಿಗೆ ಗ್ರೀಸ್ ಆಯ್ತು. ಬರಲಿ ಇಬ್ಬರೂ. ಹಲ್ಲು ಉದುರಿಸ್ತೀನಿ.

3.30

ಹಗ್ಗ ಬಿಟ್ಟೆ. ಇನ್ನು ಬಿಡಲ್ಲ. ನೇತಾಡಲಿ. ಮಾವನ ಬೋಟೂ ಬೇಡ, ಇವರ ಸ್ನೇಹವೂ

ಸೋಮವಾರ, 18

ಐದಕ್ಕೆ ಐದು ನಿಮಿಷ ಇದೆ ಅನ್ನುವಾಗ ಬಂದರು. ಊರು ತೋರಿಸುವ ಬಸ್ ಹತ್ತಿದ್ದರಂತೆ, ನಡುವೆ ಇಳಿಸಲ್ಲ ಅಂದರಂತೆ. ಪಂಡಿತನ ಕೊರಳಪಟ್ಟಿ ಹಿಡಿದೆ. ಹೊಡೆದೆ. ಹೊಡೆಯುವಾಗಲೇ ಬಾಯಿಂದ ಬಿದ್ದುಹೋಯ್ತು— "ಅಕ್ಕ ಕಾಯ್ತಿದ್ದಾಳೆ ಕಣೋ!" ಆಮೇಲೆ ಓಡಿದೆ.

ಐದೂ ಹತ್ತಕ್ಕೆ ತಲುಪಿದೆ. ಗೇಟು ಹಾಕಿತ್ತು. "ಬಿಡುವು ಮುಗೀತಪ್ಪ. ಇನ್ನು ಮುಂದಿನ ಭಾನುವಾರಾನೇ," ಅಂದ ವಾಚ್‌ಮನ್.

ವಾಪಸ್ ಬಂದರೆ ಬೋಟು ಗೋಡೆಗೆ ನೇತಾಡುತ್ತಿದೆ, ಓರೆಯಾಗಿ. ಹಗ್ಗ ಕಟ್ಟುವ ಗೂಟ ಕಿತ್ತು ಬಂದಿದೆ, ಪಕ್ಕದ ಹಲಗೆ ಎರಡು ಸೀಳು. ಡುಮ್ಮ ಅಳ್ತಾ ಹಗ್ಗ ಕೊಯ್ಯುತ್ತಿದ್ದಾನೆ. "ನೀನು ಬಿಟ್ಟಿರ್ತೀಯ ಅಂದ್ಕೊಂಡ್ವಿ ಕಣೋ," ಅಂದ.

ಬಿಟ್ಟಿರಲಿಲ್ಲ. ಮೂರೂವರೆಯಿಂದ ಮುಟ್ಟಿರಲಿಲ್ಲ. ಬೇಕಂತಲೇ.

ಅಮ್ಮನ ಫೋನ್ ಬಂತು. "ಐದರವರೆಗೂ ಗೇಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳಂತೆ."

"ಎಂಜಿನ್ ಕೈಕೊಡ್ತು," ಅಂದೆ. "ಬೈದಳಾ?"

"ಬೈದಿದ್ರೆ ಪರವಾಗಿರಲಿಲ್ಲ. ಊಟ ಮಾಡಿರ್ತಾನಾ ಅಂತ ಕೇಳಿದಳು."

ಮಂಗಳವಾರ, 19

ಮಾವ ಫೋನಲ್ಲಿ ಬೈದಿದ್ದು ಇಲ್ಲಿ ಬರೆಯೋ ಹಾಗಿಲ್ಲ. ಕೊನೆಗೆ, "ಹಲಗೆ ಕೂಡಿಸೋವರೆಗೂ ಅಲ್ಲೇ ಬಿದ್ದಿರು," ಅಂದ. ಬೋಟು ಎಳೆದು ದಡದ ಮೇಲೆ ಹಾಕಿದ್ದಾರೆ. ಒಬ್ಬ ಬಡಗಿ ಅಜ್ಜ ಬರ್ತಾನೆ.

ಇಬ್ಬರೂ ಊರಿನ ಬಸ್ಸಿಗೆ ಹೊರಟರು. ಪಂಡಿತನ ತುಟಿ ಇನ್ನೂ ಊದಿದೆ. ಹೋಗುವಾಗ ತಿರುಗಿ ನಿಂತ.

"ಅಕ್ಕನ್ನ ನೋಡ್ಬೇಕು ಅಂತ ಒಂದು ಮಾತು ಹೇಳಿದ್ರೆ ನಾನು ಬೆಳಗ್ಗಿಂದ ಇಲ್ಲೇ ಕೂತಿರ್ತಿದ್ದೆ. ನಿನಗೆ ಬಾಯಿರೋದು ಬೈಯೋಕೆ ಮಾತ್ರಾನಾ?"

 

ಶನಿವಾರ, 23

ಅಜ್ಜ ಎರಡನೇ ಹಲಗೆ ಕೂಡಿಸಿದ. ಮೊಳೆ ಬಾಯಲ್ಲಿ ಕಚ್ಚಿಕೊಂಡೇ ಮಾತಾಡ್ತಾನೆ.

"ಅಲ್ವೋ, ನಾಲ್ಕು ದಿನದಿಂದ ನೋಡ್ತಿದ್ದೀನಿ, ಬೋಟಿನ ಬುಡ ಬಿಟ್ಟು ಅಲ್ಲಾಡಲ್ಲ ನೀನು. ಇಷ್ಟು ದೊಡ್ಡ ಊರಿದೆ. ಹೋಗಿ ನೋಡಬಾರದಾ?"

"ಬೋಟು ಕಾಯ್ಬೇಕು."

"ನೆಲದ ಮೇಲಿರೋ ಬೋಟು ಎಲ್ಲಿಗೋ ಹೋಗುತ್ತೆ?" ಅಂತ ನಕ್ಕ. ಒಂದು ಮೊಳೆ ಬಿತ್ತು.

ಹೌದು. ಹಗ್ಗ ಇಲ್ಲ. ನೀರಿಲ್ಲ. ಬೈಯೋಕೆ ಪಂಡಿತ ಇಲ್ಲ. ಆಸ್ಪತ್ರೆ ನಡೆದರೆ ಕಾಲು ಗಂಟೆ. ನಾಲ್ಕು ದಿನದಲ್ಲಿ ಆ ಬೀದಿ ಕಡೆ ತಲೆ ಹಾಕಿಲ್ಲ.

ಅಮ್ಮ ಕೇಳಿದಳು, "ನಾಳೆ ಬರ್ತೀಯ ಅಂತ ಹೇಳ್ಲಾ?"

"ಬೇಡ. ಹೇಳಿದ್ರೆ ಮತ್ತೆ ಕಾಯ್ತಾಳೆ."

ಭಾನುವಾರ, 24. 1.40

ಗೇಟಿನ ಹೊರಗೆ. ಬೆಂಚು ಒಂದೇ ಇರೋದು. ಹಾಗಾದರೆ ಅವಳು ಕೂತಿದ್ದು ಇದರ ಮೇಲೇ. ಮೂರು ಗಂಟೆ ಹೊತ್ತು. ಒಂದು ಕಾಲು ಮೋಟು, ಕೂತರೆ ಅಲ್ಲಾಡುತ್ತೆ.

ಶರ್ಟು ಒಗೆದೆ. ಗ್ರೀಸ್ ಹೋಗಿಲ್ಲ.

ಏನು ಹೇಳೋದು? ಎಂಜಿನ್ ಕೈಕೊಡ್ತು ಅಂದರೆ— ಬೇಡ. ಇನ್ನೊಂದು ಕೆನ್ನೆಗೂ ಬಾರಿಸು ಅಂದರೆ ನಾಟಕ ಆಗುತ್ತೆ. ಊಟ ಆಯ್ತಾ ಅಂತ ಕೇಳಬಹುದು. ಅದೊಂದು ಬರುತ್ತೆ ಬಾಯಿಗೆ.

ಎರಡಾಯ್ತು. ವಾಚ್‌ಮನ್ ಗೇಟು ತೆಗೆದ. ಹೆಂಗಸರು ಗುಂಪಾಗಿ ಬರ್ತಿದ್ದಾರೆ, ಎಲ್ಲರದೂ ಒಂದೇ ನೀಲಿ ಬಟ್ಟೆ, ಕೈಯೆಲ್ಲ ನೀರಲ್ಲಿ ನೆನೆದು ಬಿಳಿಚಿದೆ. ಮೊದಲನೆಯವಳಲ್ಲ. ಆಮೇಲಿನವಳೂ ಅಲ್ಲ. ಅವರ ಹಿಂದೆ ಒಬ್ಬಳು, ತಲೆ ಬಗ್ಗಿಸಿಕೊಂಡು, ಸೀದಾ ಈ ಬೆಂಚಿನ ಕಡೆಗೇ