ದೀಪದ ಮೇಲಿನ ಕಪ್ಪು ಟೇಪು

ಅಳಿಯಂದಿರಿಗೆ,

ನಿಮ್ಮ ಹೆಂಡತಿಯನ್ನು ಡಾಕ್ಟರ ಹತ್ತಿರ ಬಸ್ಸಿನಲ್ಲೇ ಕರೆದುಕೊಂಡು ಹೋಗಿದ್ದೇನೆ. ಈ ಮಳೆಯಲ್ಲಿ ತುಂಬು ಬಸುರಿಯನ್ನು ನಿಮ್ಮ ಕಾರಿಗೆ ಹತ್ತಿಸುವ ಧೈರ್ಯ ನನಗಿಲ್ಲ.

ನಿನ್ನೆ ಏರು ಹತ್ತುವಾಗ ಕಾರಿನ ಸ್ಟೀರಿಂಗಿನ ಹಿಂದೆ, ಜಾರುವ ಗಾಡಿಯ ಚಿತ್ರವಿರುವ ಆ ಹಳದಿ ದೀಪ ಮಿಣಮಿಣ ಅಂದಿತು, ಕೆಳಗೆ ಗರಗರ ಸದ್ದಾಯಿತು. “ಇದರ ಕಾಟ ಜಾಸ್ತಿಯಾಯ್ತು ಅತ್ತೆ” ಅಂತ ಅದೇ ಚಿತ್ರದ ಗುಂಡಿ ಒತ್ತಿ ಮೀಸೆ ತಿರುವಿದಿರಿ. ಆಮೇಲೆ ದೀಪ ಆರದೆ ಉರಿಯಿತೆಂದು ಅದರ ಮೇಲೆ ಕಪ್ಪು ಟೇಪು! ಭೇಷ್.

ಕಾರಿನ ಜೊತೆ ಬಂದ ಪುಸ್ತಕ ಓದಿದೆ. ರಾತ್ರಿ ಶಾಲೆಯಲ್ಲಿ ಕಲಿತವಳು, ನನಗೆ ಹೊತ್ತು ಹಿಡಿಯಿತು. ನೀವು ಅದರ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ದೀಪ ಮಿಣುಕಿದರೆ ಚಕ್ರ ಜಾರುತ್ತಿದೆ, ಗಾಡಿ ತಾನೇ ಹಿಡಿದುಕೊಳ್ಳುತ್ತಿದೆ ಎಂದರ್ಥ. ಗರಗರ ಅನ್ನುವುದು ಅದು ಬ್ರೇಕು ಹಿಡಿಯುವ ಸದ್ದು. ಆಗ ಆಕ್ಸಿಲರೇಟರಿನ ಮೇಲೆ ಕಾಲು ಸಡಿಲಿಸಿದರೆ ಸಾಕು. ನೀವು ಗುಂಡಿ ಒತ್ತಿ ಕಾಪಾಡುವುದನ್ನೇ ಬಂದ್ ಮಾಡಿ ಕೂತಿದ್ದೀರಿ, ದೀಪ ಆರದೆ ಉರಿಯುವುದು ಅದನ್ನೇ ಹೇಳಲು.

ಟೇಪು ಕಿತ್ತು ಗುಂಡಿ ಮತ್ತೆ ಒತ್ತಿ. ಆಗಲೂ ದೀಪ ಆರದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ, ಟೇಪಿನ ಅಂಗಡಿಗಲ್ಲ.

ಊಟ ಒಲೆಯ ಮೇಲಿದೆ. ಅದರ ಗುಂಡಿಯನ್ನಾದರೂ ನೋಡಿ ತಿರುಗಿಸಿ.

ಸಂಜೆ ಆಸ್ಪತ್ರೆ ಬಾಗಿಲಿಗೆ ಬನ್ನಿ. ಮೊದಲು ನಾನು ಬಗ್ಗಿ ದೀಪ ನೋಡುತ್ತೇನೆ, ಆಮೇಲೆ ನನ್ನ ಮಗಳು ಹತ್ತುತ್ತಾಳೆ. ಟೇಪು ಅಲ್ಲೇ ಇದ್ದರೆ ನೀವೂ ನಮ್ಮ ಜೊತೆ ಬಸ್ಸಿಗೆ ನಡೆಯಿರಿ. ಕೊಡೆ ಹಿಡಿಯಲು ಒಬ್ಬರು ಬೇಕು.

ಅತ್ತೆ