ಗಾಳಿಗೆ ಅಂಜುವ ಬಾವಲಿಗಳು

ಮಾನ್ವಿ
೩ ಆಗಸ್ಟ್ ೧೯೮೩

ಮಗಳೇ ಗೋಪಮ್ಮ,

ದೇವದುರ್ಗದ ನೀರು ನಿನಗೆ ಈಗ ಒಗ್ಗಿರಬೇಕು. ಇಲ್ಲಿ ನಾವು ಕ್ಷೇಮ. ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಕಣ್ಣಾರೆ ನೋಡದೆ ಬರೆಯಬಾರದೆಂದು ಸುಮ್ಮನಿದ್ದೆ.

ಕೆಲವು ಸಂಜೆ ಬಾವಲಿಗಳು ಯಾಕೆ ಹೊರಡುವುದಿಲ್ಲ ಎಂದು ನಿನ್ನ ತರಗತಿಯ ಮಕ್ಕಳು ಕೇಳಿದ್ದರಲ್ಲ. ತಾಲೂಕು ಕಚೇರಿಯಲ್ಲಿ ದಿನಾ ಡಬ್ಬಿಯಲ್ಲಿ ಮಳೆ ಅಳೆಯುವವನು ನಾನು; ಮಳೆ ಬಂದರೆ ಹೊರಡುವುದಿಲ್ಲ ಎಂದು ಹೋದ ಪತ್ರದಲ್ಲಿ ಧಿಮಾಕಿನಿಂದ ಬರೆದುಬಿಟ್ಟೆ. ಕಚೇರಿಯ ಹಿಂದೆ, ಬಾವಲಿಗಳು ನೇತಾಡುವ ಹುಣಸೆಮರದಡಿ ಪೇರಲಹಣ್ಣು ಮಾರುವ ನೂರ್ ಬೀಗೆ ಅದನ್ನು ಹೇಳಿದರೆ ನಕ್ಕಳು.

"ಮಳಿಗಲ್ರೀ ಹಂಪಯ್ಯಣ್ಣ, ಗಾಳಿಗಿ ಅಂಜ್ತಾವ. ಡಬ್ಬಿ ನೋಡಬ್ಯಾಡ್ರಿ, ಮ್ಯಾಲ ನೋಡ್ರಿ."

ಅಂದಿನಿಂದ ದಿನಾ ಸಂಜೆ ಆ ಮರದಡಿ ನಿಂತೆ. ಆಕಾಶ ತಿಳಿಯಾಗಿದ್ದರೆ ಏಳೂಕಾಲಿಗೆ ಹೊರಡುತ್ತವೆ. ಮೋಡ ಕವಿದರೆ ಹತ್ತು ನಿಮಿಷ ಮೊದಲೇ. ಇಪ್ಪತ್ತೇಳರಂದು ಜಿಟಿಜಿಟಿ ಮಳೆ. ಕೊಡೆ ಹಿಡಿದು ನಿಂತಿದ್ದೆ, ನನ್ನ ತಲೆಯ ಮೇಲೆಯೇ ಹಾರಿ ಹಿರೇಕೊಟ್ನೆಕಲ್ ಕಡೆ ಹೋದವು. ಮರುದಿನ ಬೆಳಿಗ್ಗೆ ಅಳೆದರೆ ಆರು ಮಿಲಿಮೀಟರ್. ಮೂವತ್ತೊಂದರಂದು ಒಂದು ಹನಿಯೂ ಇಲ್ಲ, ಆದರೆ ಕೊಂಬೆ ಮುರಿಯುವಂಥ ಗಾಳಿ. ರೆಕ್ಕೆಯನ್ನು ಮೈಗೆ ಸುತ್ತಿಕೊಂಡು ನೇತಾಡುತ್ತಲೇ ಇದ್ದವು; ಗಾಳಿ ಇಳಿದ ಮೇಲೆ, ಎಂಟಕ್ಕೆ ಹೊರಟವು. ನೂರ್ ಬೀ ಒಂದು ಪೇರಲ ನನ್ನ ಕೈಗಿಟ್ಟಳು.

ಜೋರು ಮಳೆ ಸುರಿದರೆ ಏನು ಮಾಡುತ್ತವೋ, ಇನ್ನೂ ನೋಡಿಲ್ಲ. ಮೊದಲು ಹೇಳಿದ್ದು ತಪ್ಪೆಂದು ಮಕ್ಕಳಿಗೆ ನನ್ನ ಹೆಸರು ಹಿಡಿದೇ ಹೇಳು.

ನಿನ್ನವ್ವ ನೆರೆಯವರ ಮುಂದೆ, "ಬಾವಲಿ ಹಾಜರಿ ಹಿಡಿಯಾಕ ಹೊಂಟಾರ ನೋಡ್ರಿ" ಎಂದು ನಗುತ್ತಾಳೆ. ನಿನಗೆ ಸಜ್ಜೆಹಿಟ್ಟು ಬೀಸಿಟ್ಟಿದ್ದಾಳೆ, ಊರಿನ ಕಡೆ ಬರುವವರಿದ್ದರೆ ತಿಳಿಸು.

ಹೊತ್ತಿಗೆ ಸರಿಯಾಗಿ ಉಂಡು ಗಟ್ಟಿಯಾಗಿರು. ನಿನ್ನ ಕೈಯಲ್ಲಿ ಕಲಿತ ಮಕ್ಕಳು ನಿನ್ನನ್ನು ನೆನೆಯುವಂತಾಗಲಿ.

ನಿನ್ನಪ್ಪ,
ಹಂಪಯ್ಯ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನೀನು ಹತ್ತನೆಯದು ಪಾಸಾದ ವರ್ಷ, ರಾಯಚೂರಿನ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೀಟು ಸಿಗಲಿಲ್ಲ ಎಂದು ನಾನು ಹೇಳಿದ್ದೆ. ಸಿಕ್ಕಿತ್ತು. ಅದನ್ನು ತಿಳಿಸುವ ಕಾರ್ಡು ನನ್ನ ಕಚೇರಿಯ ವಿಳಾಸಕ್ಕೆ ಬಂದಿತ್ತು. ನಿನ್ನೊಬ್ಬಳನ್ನೇ ಅಷ್ಟು ದೂರ ಕಳಿಸಲು ಹೆದರಿ ಅದನ್ನು ಹರಿದುಹಾಕಿದೆ. ನೀನು ಮೂರು ದಿನ ಉಣ್ಣಲಿಲ್ಲ. ಆಗಲೂ ನಾನು ಬಾಯಿಬಿಡಲಿಲ್ಲ. ನಿನ್ನವ್ವನಿಗೂ ಗೊತ್ತಿಲ್ಲ. ಈ ಪತ್ರವನ್ನು ಅಂಚೆಗೆ ಹಾಕಿ ಬಂದು, ಇವತ್ತೇ ಅವಳಿಗೆ ಹೇಳುತ್ತೇನೆ.