ಬಸ್ಸಿನಲ್ಲಿ ಮೊದಲು ಮೈ ಕಾದವಳು

ಸೋಮವಾರ, ಮಧ್ಯಾಹ್ನ

ಅಕ್ಕಾ,

ಜ್ವರ ಇಳಿಯಿತೇ? ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಬಿಟ್ಟು ಬೇರೇನೋ ಮಾತಾಡಿಬಿಡುತ್ತೇನೆ. ಅದಕ್ಕೇ ಕಾಗದ.

ಮೂರು ದಿನ ಆರೋಗ್ಯ ಕಚೇರಿಯಲ್ಲಿ ಫೋನು ಕಿವಿಗಂಟಿಸಿಕೊಂಡೇ ಕೂತಿದ್ದೆ. ನೀನು ಶಾಲೆಯಿಂದ ಪ್ರವಾಸಕ್ಕೆ ಕರೆದೊಯ್ದ ನಲವತ್ತೊಂದು ಮಕ್ಕಳ ಮನೆಗೂ ಅದೇ ಪ್ರಶ್ನೆ: ಯಾರ ಪಕ್ಕ ಯಾರು ಕೂತಿದ್ದರು, ಯಾವ ಕೋಣೆಯಲ್ಲಿ ಮಲಗಿದರು, ಜ್ವರ ಬಂದದ್ದು ಯಾವ ದಿನ. ಹತ್ತೊಂಬತ್ತು ಮಕ್ಕಳಿಗೆ ಫ್ಲೂ. ಒಬ್ಬ ತಾಯಿ, "ಟೀಚರ್ ಏನ್ ಕಣ್ಣು ಮುಚ್ಕೊಂಡಿದ್ರಾ?" ಎಂದು ಹರಿಹಾಯ್ದರು. ನಾನು ನಿನ್ನ ತಂಗಿಯೆಂದು ಅವರಿಗೇನು ಗೊತ್ತು? ಹೂಂ ಹೂಂ ಎಂದು ಬರೆದುಕೊಂಡೆ.

ಎಲ್ಲರೂ ಬೆರಳು ತೋರಿಸಿದ್ದು ಬಸ್ಸಿನ ಚಾಲಕರ ಕಡೆಗೆ. ಅವರು ಕೆಮ್ಮುತ್ತಿದ್ದರಂತೆ. ನಿನ್ನೆ ಆಸ್ಪತ್ರೆಗೆ ಹೋದೆ. ಆಮ್ಲಜನಕದ ಮಾಸ್ಕ್ ಸರಿಸಿ, "ಹೊರಡೋವಾಗ ಗಟ್ಟಿಮುಟ್ಟಾಗಿದ್ದೆ ಕಣಮ್ಮ. ನನ್ ಮಾತು ಯಾರೂ ನಂಬ್ತಿಲ್ಲ" ಎಂದರು. ಬಸ್ಸಿನ ಮಾಲೀಕ ಅವರನ್ನು ಆಗಲೇ ಕೆಲಸದಿಂದ ತೆಗೆದಿದ್ದಾನೆ.

ಅವರ ಕೆಮ್ಮು ಶುರುವಾದದ್ದು ಪ್ರವಾಸದ ಮೂರನೇ ದಿನ. ಅವರ ಹಿಂದಿನ ಸೀಟಿನವಳಿಗೆ ಮೊದಲ ದಿನವೇ ಜ್ವರವಿತ್ತು. ಅವಳು ನನ್ನ ಮಗಳು.

ಹೊರಡುವ ಬೆಳಿಗ್ಗೆ ಅವಳ ಹಣೆ ಸುಡುತ್ತಿತ್ತು, ಅಕ್ಕಾ. ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಮಾತ್ರೆ ನುಂಗಿಸಿ, "ದೊಡ್ಡಮ್ಮಂಗೆ ಹೇಳ್ಬೇಡ, ವಾಪಸ್ ಕಳಿಸ್ತಾಳೆ" ಎಂದೆ. ಅವಳ ಆಸೆ ಮುರಿಯಲಾರದೆ ಹಾಗೆ ಮಾಡಿದೆ ಎಂದು ಬರೆಯಬಹುದಿತ್ತು. ಅವಳು ಉಳಿದರೆ ನಾನು ರಜೆ ಹಾಕಬೇಕಿತ್ತು, ಅದೂ ನಿಜ. ಜ್ವರವಿದ್ದರೆ ಮನೆಯಲ್ಲೇ ಇರಿ ಎಂದು ಊರಿಗೆಲ್ಲ ಚೀಟಿ ಹಂಚುವವಳು ನಾನು. ಬೇಲಿಯೇ ಎದ್ದು ಹೊಲ ಮೇಯಿತು.

ಜ್ವರ ಯಾರಿಂದ ಹರಡಿತೆಂಬ ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಎರಡು ದಿನ ಚಾಲಕರೇ ಇದ್ದರು. ಇಂದು ಬೆಳಿಗ್ಗೆ ತಿದ್ದಿದೆ. ಮಾತ್ರೆಯ ವಿಷಯವನ್ನೂ ಬರೆದು ಮೇಲಧಿಕಾರಿಗೆ ಕೊಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, "ಮನೆಗೆ ಹೋಗಮ್ಮ" ಎಂದರು. ಎಷ್ಟು ದಿನಕ್ಕೆಂದು ಕೇಳದೆ ಮೇಜಿನ ಕೀಲಿ ಕೊಟ್ಟು ಬಂದೆ.

ನೀನು ಹಾಸಿಗೆ ಹಿಡಿದದ್ದಕ್ಕೂ ನಾನೇ ಕಾರಣ. ಬೈಯುವಷ್ಟು ಶಕ್ತಿ ಬಂದ ಮೇಲೆ ಬೈದುಬಿಡು.

ನಿನ್ನ ತಂಗಿ

ಮತ್ತೊಂದು ಮಾತು: ಕಾಗದ ಮಡಿಸುತ್ತಿದ್ದಾಗ ಮಗಳು ಬಾಯಿಬಿಟ್ಟಳು. ಎರಡನೇ ದಿನವೇ ನೀನು ಅವಳ ಹಣೆ ಮುಟ್ಟಿ, ಎಲ್ಲ ಕೇಳಿ ತಿಳಿದುಕೊಂಡೆಯಂತೆ. "ನಿಮ್ಮಮ್ಮನ ಕೆಲಸ ಹೋಗತ್ತೆ, ಸುಮ್ನಿರು" ಎಂದೆಯಂತೆ. ಚಾಲಕರಿಂದಲೇ ಹರಡಿತೆಂದು ನನಗೆ ಮೊದಲು ಹೇಳಿದವಳೂ ನೀನೇ. ನಾನು ನನ್ನ ತಪ್ಪನ್ನಷ್ಟೇ ಬರೆದುಕೊಟ್ಟಿದ್ದೇನೆ. ನಿನ್ನದನ್ನು ನೀನೇ ಬರೆ, ಅಕ್ಕಾ.